ಮೂರು ಸೋಮಿನ ಮುದ್ರೆ

ಜನವರಿ 18

ತೊಂಬತ್ತಾರು ಹಾಳೆಗಳ ಒಡೆಯರೂ, ಚೌಕುಳಿ ಗೆರೆಗಳ ಸಾರ್ವಭೌಮರೂ, ಹಸಿರು ರಟ್ಟಿನ ಕವಚಧಾರಿಗಳೂ, ಬೀಜಗಣಿತಕ್ಕೆಂದು ಹುಟ್ಟಿ ನನ್ನ ಕೈಗೆ ಸಿಕ್ಕು ಕೆಟ್ಟವರೂ ಆದ ಮಹಾರಾಜಶ್ರೀ ನೋಟುಬುಕ್ಕಿನವರ ದಿವ್ಯಸನ್ನಿಧಿಗೆ, ಕರಾತಾಶ್ ಗ್ರಾಮದ, ಮುಚ್ಚಿಹೋದ ಕಲ್ಲಿದ್ದಲು ಗಣಿಯ ಮೂರನೇ ಬೀದಿಯ, ಇಪ್ಪತ್ತು ವರ್ಷ ಪ್ರಾಯದ (ಅಜ್ಜಿಯ ಲೆಕ್ಕದಲ್ಲಿ ಗರ್ಭದ ವರ್ಷವೂ ಸೇರಿ ಇಪ್ಪತ್ತೊಂದು), ಒಂದೂಮುಕ್ಕಾಲು ಮೊಣಕಾಲಿನ ಕುಂದುಜ್ ಎಂಬುವಳು ಮಂಡಿಯೂರಿ (ಎಡಮಂಡಿ ಮಾತ್ರ, ಬಲದ್ದು ಇನ್ನೂ ಪೂರ್ತಿ ಮಡಿಚುವುದಿಲ್ಲ) ಬಿನ್ನವಿಸಿಕೊಳ್ಳುವುದೇನೆಂದರೆ:

ಇಂದು ಬೆಳಿಗ್ಗೆ ಅಡುಗೆಮನೆಯಲ್ಲಿ, ಆಲೂಗಡ್ಡೆ ಸುಲಿಯುತ್ತಿರುವಾಗ, ಸ್ಕೀ ಆಯ್ಕೆ ಮಹಾಸಮಿತಿ ಅಸ್ತಿತ್ವಕ್ಕೆ ಬಂದಿತು. ಅಧ್ಯಕ್ಷೆ ನಾನು. ಕಾರ್ಯದರ್ಶಿ ನಾನು. ವಿರೋಧ ಪಕ್ಷವೂ ನಾನೇ. ಸಮಿತಿಯ ಮುದ್ರೆ ಒಂದು ಮೂರು ಸೋಮಿನ ನಾಣ್ಯ, ನಮ್ಮ ದೇಶದ ಚಿಲ್ಲರೆ ದುಡ್ಡು. ಅದನ್ನು ಕಾಗದದ ಅಡಿಯಲ್ಲಿಟ್ಟು ಮೇಲೆ ಪೆನ್ಸಿಲ್ ಉಜ್ಜಿದರೆ ಸರಕಾರವೇ ಬೆಟ್ಟ ಇಳಿದು ಬಂದ ಹಾಗೆ ಕಾಣುತ್ತದೆ.

ಕಾರಣ ಇಷ್ಟೇ. ಫೆಬ್ರವರಿ ಹನ್ನೆರಡಕ್ಕೆ ನಮ್ಮ ಸ್ಕೀ ಬೇಸ್, ಅಂದರೆ ಹಿಮದಲ್ಲಿ ಜಾರಲು ಬರುವವರ ತಂಗುದಾಣ, ತನ್ನ ರಕ್ಷಣಾ ತಂಡಕ್ಕೆ ಒಬ್ಬರನ್ನು, ಒಬ್ಬರನ್ನು ಮಾತ್ರ, ಪರೀಕ್ಷೆ ಮಾಡಿ ಸೇರಿಸಿಕೊಳ್ಳುತ್ತದೆ. ಪರೀಕ್ಷೆಗೆ ಸ್ವಂತ ಸ್ಕೀ ಬೇಕು. ನನ್ನ ಹಳೆಯ ಜೋಡಿಯನ್ನು ಅಜ್ಜಿ ಹೋದ ವಸಂತದಲ್ಲೇ ಟೊಮೆಟೊ ಬಳ್ಳಿಗೆ ಊರುಗೋಲು ಮಾಡಿದಳು. ಈಗ ಬೇಕಾದದ್ದು ಗಟ್ಟಿ ಹಿಮ, ಪುಡಿ ಹಿಮ, ಮರಗಳ ಸಂದಿ, ಬೇಸಿನ ಹಾದಿ ಎಲ್ಲಕ್ಕೂ ಒಗ್ಗುವ ಒಂದೇ ಜೋಡಿ. ಮದುವೆಗೂ ಮಣ್ಣಿಗೂ ಒಂದೇ ಕೋಟು ತೊಡುವ ನಮ್ಮ ದೊಡ್ಡಮಾವನ ಹಾಗೆ.

ಅದಕ್ಕೆ ತಕ್ಕ ಬೈಂಡಿಂಗ್ ಬೇಕು. ಬೈಂಡಿಂಗ್ ಅಂದರೆ ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಬಾಯಿ. ನಿಂತಿರುವಾಗ ಬಿಡಬಾರದು, ಬಿದ್ದಾಗ ಹಿಡಿದಿರಬಾರದು. ಎಷ್ಟು ಒತ್ತಡಕ್ಕೆ ಬಿಡಬೇಕೆಂದು ಅದರ ಮೇಲೆ ಒಂದು ತಿರುಪು, ತಿರುಪಿನ ಪಕ್ಕ ಒಂದು ಅಂಕಿ. ಭಾರದವರಿಗೆ ದೊಡ್ಡ ಅಂಕಿ, ಬಿಗಿ ಹಿಡಿತ; ಹಗುರಿನವರಿಗೆ ಸಣ್ಣದು. ಕರಾತಾಶಿನಲ್ಲಿ ಅದನ್ನು ಕೂರಿಸಬಲ್ಲ ಕೈ ಒಂದೇ, ಜೊಲೊಚು ಬೈಕೆಯದು (ಬೈಕೆ ಅಂದರೆ ನಮ್ಮಲ್ಲಿ ಹಿರಿಯಣ್ಣ). ಗಣಿ ಇದ್ದ ಕಾಲದಲ್ಲಿ ಅಲ್ಲಿ ಫಿಟ್ಟರ್ ಆಗಿದ್ದವರು. ಗಣಿ ಮುಚ್ಚಿದ ಮೇಲೆ ಊರಿನ ಅರ್ಧ ಕಾಲುಗಳು ಅವರ ತಿರುಪಿನ ಮೇಲೆಯೇ ನಿಂತಿದ್ದವು.

ಕಳೆದ ಮಾರ್ಚಿನಲ್ಲಿ ಉತ್ತರದ ಗೋಡೆ ಎಂಬ ಇಳಿಜಾರಿನಲ್ಲಿ ನಾನು ಬಿದ್ದೆ. ಎಡ ಸ್ಕೀ ಕಳಚಿತು. ಬಲದ್ದು ಕಳಚಲಿಲ್ಲ. ಮೊಣಕಾಲು ಸ್ಕೀಯ ಜೊತೆಗೇ ತಿರುಗಿತು. ಬೈಕೆ ಬಂದು ಅಂಕಿ ನೋಡಿದರು: ಐದು. ಅವರೇ ಇಟ್ಟಿದ್ದ ಐದು. "ಐದಕ್ಕೆ ಬಿಡಬೇಕಿತ್ತು, ಬಿಡ್ಲಿಲ್ಲ. ಅಂದ್ರೆ ಕೆಟ್ಟಿರೋದು ನನ್ನ ಕೈ" ಅಂದರಂತೆ. ಅಂದಿನಿಂದ ಬೈಂಡಿಂಗ್ ಮುಟ್ಟಿಲ್ಲ. ಊರೂ ಅದನ್ನೇ ಹೇಳುತ್ತದೆ, ಸ್ವಲ್ಪ ಮೆಲ್ಲಗೆ.

ನಾನು ಯಾರನ್ನೂ ದೂರಿಲ್ಲ. ಇದನ್ನು ದಾಖಲಿಸಿಕೊಳ್ಳತಕ್ಕದ್ದು.

ಇಷ್ಟು ಬರೆಯುವಷ್ಟರಲ್ಲಿ ಆರು ಸಲ ಎದ್ದು ಕಿಟಕಿಗೆ ಹೋಗಿ ಬಂದೆ. ಹೊರಗೆ ಏನೂ ಇರಲಿಲ್ಲ.

ಜನವರಿ 19

ಬೇಸಿನ ಯಜಮಾನ ಉಗ್ರಾಣ ತೆರೆದ. ಬೇಸಿಗೆಯಲ್ಲಿ ಅವನ ಕುದುರೆ ಕಾದಿದ್ದಕ್ಕೆ ಅತಿಥಿಗಳ ಹಳೆಯ ಜೋಡಿಗಳಲ್ಲಿ ಒಂದು ನನ್ನದು. ಅದರ ಮೇಲಿನ ಬೈಂಡಿಂಗ್ ಮಾತ್ರ ಸ್ಕೀ ಬೇಸ್‌ಗೇ ವಾಪಸ್. ಆರಿಸುವ ತನಕ ಒಂದೊಂದನ್ನೂ ಒಯ್ದು ಓಡಿಸಿ ನೋಡಬಹುದು.

ಅಭ್ಯರ್ಥಿಗಳು ಮೂವರು. ಸ್ಕೀಯ ಸೊಂಟದ (ಅಂದರೆ ನಡುಭಾಗದ) ಅಗಲ ಎಂಬತ್ತೆಂಟು ಮಿಲಿಮೀಟರಿನ ಕಪ್ಪು ಜೋಡಿ. ತೊಂಬತ್ತಾರರ ಏಪ್ರಿಕಾಟ್ ಬಣ್ಣದ ಜೋಡಿ. ನೂರೆಂಟರ ನೀಲಿ ಜೋಡಿ, ಅದರ ಮೇಲೆ ಕುರಿ ಕಡಿದು ಬಡಿಸಬಹುದು.

ನನ್ನ ದೊಡ್ಡಪ್ಪನ ಮಗ ಅಜ್ರೆತ್, ಹಿಮಟ್ರ್ಯಾಕ್ಟರಿನ ಚಾಲಕ, ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ.

"ಏನೇ, ಮದ್ವೆ ಗಂಡು ನೋಡ್ತಿದೀಯಾ? ಹಲ್ಲು ಎಣ್ಸು, ಹಲ್ಲು."

"ನಿನ್ನ ನೋಡೋಕೆ ಬಂದೋರು ಎಣ್ಸಿದ್ರಲ್ಲ, ಅದಕ್ಕೇ ಇನ್ನೂ ಒಂಟಿ ಇದೀಯ."

"ಬೈಂಡಿಂಗ್ ಯಾರ ಹತ್ರ ಕೂರಿಸ್ತೀಯಾ?"

"ಬೈಕೆ ಹತ್ರ."

ಅಜ್ರೆತ್ ನಗಲಿಲ್ಲ. "ಅವ್ರು ಮುಟ್ಟಲ್ಲ. ತೂತಿನ ಅಚ್ಚನ್ನೇ ಮಾರ್ತಿದಾರೆ. ಕರಾಕೋಲ್ ಪಟ್ಟಣದ ಅಂಗಡಿಯೋನು ಒಂಬತ್ತನೇ ತಾರೀಕು ವ್ಯಾನ್ ತರ್ತಾನಂತೆ."

ಆ ಉಕ್ಕಿನ ಅಚ್ಚು ಇಲ್ಲದೆ ಸ್ಕೀಯಲ್ಲಿ ನೆಟ್ಟಗೆ ತೂತು ಕೊರೆಯಲಾಗದು. ಅದು ಹೋದರೆ ಬೈಕೆಯ ಕೆಲಸವೂ ಹೋಯಿತು, ಹೆಸರು ತಿರುಗಿ ಬರುವುದೂ ಹೋಯಿತು. ಸಮಿತಿಯ ಮುಂದೆ ಈಗ ಎರಡು ತಾರೀಕು: ಒಂಬತ್ತು, ಹನ್ನೆರಡು.

ಜನವರಿ 21

ವರದಿ ಸಂಖ್ಯೆ ಒಂದು. ನೀಲಿ, ನೂರೆಂಟು. ಸ್ಥಳ: ಫರ್ ಮರಗಳ ಕಣಿವೆ. ಹಿಮ: ಸೊಂಟದವರೆಗೆ. ಸಮಿತಿಯು ಸದರಿ ಸ್ಕೀಯ ಮೇಲೆ ದೋಣಿಯಂತೆ ತೇಲಿತು. ಪುಡಿ ಹಿಮದಲ್ಲಿ ಸಾಕ್ಷಾತ್ ಖಾನ್; ಆದರೆ ಗಟ್ಟಿ ಹಾದಿಗೆ ಬಂದಾಗ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳಲು ಮುದಿ ಹಸುವಿನಷ್ಟು ಯೋಚನೆ. ರಕ್ಷಣಾ ತಂಡದವರು ಬೆಳಿಗ್ಗೆ ಮಂಜುಗಡ್ಡೆಯ ಮೇಲೂ ಜಾರುಬಂಡಿ ಎಳೆಯಬೇಕು. ತಿರಸ್ಕರಿಸಲಾಯಿತು. ಮುದ್ರೆ ಒತ್ತಲಾಯಿತು.

ಮನೆಗೆ ಬಂದಾಗ ಅಜ್ಜಿ ಬಿಸಿ ರೊಟ್ಟಿ ತೆಗೆಯುತ್ತಿದ್ದಳು. ನಾನು ಎರಡು ಆಲೂಗಡ್ಡೆ ತಿಂದೆ. ತರಬೇತಿಯಲ್ಲಿರುವವರು ರೊಟ್ಟಿ ತಿನ್ನಬಾರದು, ಹೊಟ್ಟೆ ಭಾರವಾಗುತ್ತದೆ.

ಜನವರಿ 22

ಬೈಕೆಯ ಮನೆಗೆ ಹೋಗಿದ್ದೆ. ಅಂಗಳದ ಕಬ್ಬಿಣದ ಕಂಟೇನರಿನಲ್ಲಿ ಅವರ ಕಾರ್ಖಾನೆ. ಚಹಾ ನೀರು ಕಾಯಿಸುವ ಸಮೋವರಿನ ಕಾಲು ಬೆಸೆಯುತ್ತಿದ್ದರು. ಗೋಡೆಯಲ್ಲಿ ಅಚ್ಚು ನೇತಾಡುತ್ತಿತ್ತು, ಮೇಲೆ ಹಳೆಯ ಅಂಗಿ ಹೊದಿಸಿ.

"ಬೈಕೆ, ನಮಸ್ಕಾರ. ಸಮೋವರು ಬಿದ್ದಾಗ ಬಿಟ್ಟುಬಿಡೋ ಹಾಗೆ ಮಾಡ್ತಿದೀರಾ?"

ತಲೆ ಎತ್ತಿದರು. ನಕ್ಕಾರೇನೋ ಅಂತ ಕಾದೆ. "ಕಾಲು ಹೇಗಿದೆ, ಮಗಳೇ?" ಅಂದರು. ಪ್ರತಿ ಸಲ ಅದನ್ನೇ ಕೇಳುತ್ತಾರೆ. ಕಾಲಿನ ಹತ್ತಿರವೇ ಕೇಳಿದ ಹಾಗೆ, ಕೆಳಗೆ ನೋಡಿಕೊಂಡು.

"ಚಿನ್ನದ ಹಾಗಿದೆ. ಒಂದು ಜೋಡಿ ಬೈಂಡಿಂಗ್..."

"ಕರಾಕೋಲಿಗೆ ಒಯ್ಯಿ. ಅಲ್ಲಿ ಕಲಿತ ಹುಡುಗರಿದ್ದಾರೆ."

ಅಷ್ಟೆ. ಹೊರಗೆ ಬಂದು ಗೇಟಿಗೆ ಒದ್ದೆ. ಬಲಗಾಲಲ್ಲಿ. ಮೂರ್ಖತನ.

ಜನವರಿ 25

ವರದಿ ಸಂಖ್ಯೆ ಎರಡು. ಕಪ್ಪು, ಎಂಬತ್ತೆಂಟು. ಬೇಸಿನ ಹಾದಿಯಲ್ಲಿ ಹರಿತವಾದ ಚೂರಿ. ಅಂಚು ಊರಿದರೆ ಹಿಮ ಚರ್ರ್ ಎಂದು ಸೀಳುತ್ತದೆ. ಕಾಡಿಗೆ ಹೊಕ್ಕರೆ ಮುಳುಗುತ್ತದೆ, ಸಮಿತಿಯ ಟೋಪಿ ಮಾತ್ರ ಮೇಲೆ ಕಾಣುತ್ತದೆ. ನಮ್ಮಲ್ಲಿ ಬಿದ್ದವರು ಬೀಳುವುದೇ ಕಾಡಿನಲ್ಲಿ. ತಿರಸ್ಕರಿಸಲಾಯಿತು.

ಮಧ್ಯಾಹ್ನ ಊಟದಲ್ಲಿ ಅಜ್ರೆತ್ ಇದ್ದ. ನನ್ನ ಪಾಲಿನ ಕುರುಟ್ ಉಂಡೆಗಳು ಮಾಯವಾಗಿದ್ದವು. ಒಣಗಿಸಿದ ಮೊಸರು ಕಂಡರೆ ಅವನಿಗೆ ನರಿಯ ಬುದ್ಧಿ.

"ರೊಟ್ಟಿ ಹೊಡೀಲಿ ನನ್ನ, ನಾನು ಮುಟ್ಟಿಲ್ಲ!" ಅಂದ, ಬಾಯಿ ತುಂಬ ಅಗಿಯುತ್ತ.

ಅಜ್ಜಿ ಸೌಟು ಎತ್ತಿದಳು. "ರೊಟ್ಟಿ ಹೆಸರಲ್ಲಿ ಸುಮ್ಸುಮ್ನೆ ಆಣೆ ಇಡ್ತೀಯೇನೋ? ಸುಳ್ಳಾಣೆ ಇಟ್ಟೋನ ಗಂಟಲಲ್ಲಿ ಅದು ನಿಂತ್ಕೊಳ್ಳತ್ತೆ. ನಮ್ಮಪ್ಪ ಒಬ್ಬನ್ನ ಕಂಡಿದ್ರು."

"ಸತ್ತನಾ?"

"ಸಾಯಲಿಲ್ಲ. ಅದೇ ತೊಂದರೆ. ಬದುಕಿದ್ದ."

ಅಜ್ರೆತ್ ನಗುತ್ತ ಜೇಬಿನಿಂದ ಕುರುಟ್ ತೆಗೆದು ಮೇಜಿನ ಮೇಲಿಟ್ಟ. ನನಗೆ ಹಿಮಟ್ರ್ಯಾಕ್ಟರಿನ ಹತ್ತಿರ ಏನೋ ಕೆಲಸ ನೆನಪಾಯಿತು. ಎದ್ದು ಹೋದೆ. ಹೋದ ಮೇಲೆ ನೆನಪಾಯಿತು, ಹಿಮಟ್ರ್ಯಾಕ್ಟರಿನವನು ಮನೆಯಲ್ಲೇ ಕೂತಿದ್ದಾನೆ.

ಜನವರಿ 27

ವರದಿ ಸಂಖ್ಯೆ ಮೂರು. ಏಪ್ರಿಕಾಟ್, ತೊಂಬತ್ತಾರು. ಉದ್ದ ನನ್ನ ಹುಬ್ಬಿನವರೆಗೆ. ಪುಡಿಯಲ್ಲಿ ಮೂಗು ಮೇಲೆ, ಹಾದಿಯಲ್ಲಿ ಅಂಚು ನಂಬಿಕೆಗೆ ಅರ್ಹ. ಉತ್ತರದ ಗೋಡೆಯನ್ನು ತುದಿಯಿಂದ ಬುಡದವರೆಗೆ ಹದಿನಾಲ್ಕು ತಿರುವುಗಳಲ್ಲಿ ಇಳಿಯಲಾಯಿತು. ಸಮಿತಿಯ ಕಣ್ಣಲ್ಲಿ ನೀರು ಬಂತು (ಗಾಳಿಯಿಂದ). ಅವಿರೋಧವಾಗಿ ಆಯ್ಕೆ, ವಿರೋಧ ಪಕ್ಷ ಚಪ್ಪಾಳೆ ತಟ್ಟಿತು.

ಯಜಮಾನ ತನ್ನ ಬೈಂಡಿಂಗ್ ಬಿಚ್ಚಿಕೊಂಡ. ಈಗ ಬರಿಯ ಜೋಡಿ ನನ್ನ ಹಾಸಿಗೆಯ ಪಕ್ಕ ಗೋಡೆಗೆ ಒರಗಿದೆ. ಹಳೆಯ ತೂತುಗಳು ಕಣ್ಣುಗಳ ಹಾಗೆ ಕಾಣುತ್ತವೆ. ಗೋಡೆ ಕಡೆಗೆ ತಿರುಗಿಸಿಟ್ಟೆ.

ಜನವರಿ 30

ಅಜ್ರೆತ್ ತನ್ನ ಡಬ್ಬಿಯಿಂದ ಮೂರು ಜೊತೆ ಬೈಂಡಿಂಗ್ ತಂದುಕೊಟ್ಟ. ಪ್ರತಿಯೊಂದಕ್ಕೂ ಬ್ರೇಕು, ಅಂದರೆ ಕಳಚಿದ ಸ್ಕೀ ಓಡಿಹೋಗದಂತೆ ಹಿಮಕ್ಕೆ ಊರುವ ಎರಡು ಕಡ್ಡಿ; ಅವುಗಳ ನಡುವಿನ ಅಗಲಕ್ಕೂ ಒಂದು ಅಂಕಿ. ಯಾವುದು ಹೊಂದುತ್ತದೆ ಎಂದು ನನಗೆ ಗೊತ್ತು. ಬೈಕೆಯ ಕಂಟೇನರಿನಲ್ಲಿ ಎರಡು ಚಳಿಗಾಲ ಕಾಲು ಮಡಿಸಿ ಕೂತು ಕೇಳಿದ್ದೇನೆ. ಗೊತ್ತಿದ್ದರೆ ಏನು ಮಜಾ? ಬೇಕೆಂದೇ ಎಲ್ಲವನ್ನೂ ತಪ್ಪು ಬರೆದು ಮುದ್ರೆ ಒತ್ತಿ ಅವರ ಬಾಗಿಲ ಸಂದಿಯಲ್ಲಿ ತೂರಿಸಿದೆ:

"ಮಹಾಸಮಿತಿಯ ಠರಾವು. ತೊಂಬತ್ತಾರರ ಸ್ಕೀಗೆ ಎಂಬತ್ತೈದರ ಬ್ರೇಕಿನ ಬೈಂಡಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸತಕ್ಕದ್ದು. ಅದಾಗದಿದ್ದರೆ ನೂರಮೂವತ್ತರ ಬ್ರೇಕಿನದು, ಅದರ ಅಂಕಿ ಆರರಿಂದ ಶುರುವಾದರೂ ಚಿಂತೆಯಿಲ್ಲ, ಸಮಿತಿ ಬೇಗ ದಪ್ಪವಾಗುವುದು. ಬೂಟಿನ ಅಡಿ ನಡೆಯುವ ರಬ್ಬರಿನದು, ಬಾಗಿದ್ದು. ಚಪ್ಪಟೆ ಅಡಿಗೆಂದೇ ಮಾಡಿದ ಬೈಂಡಿಂಗಿಗೆ ಅದನ್ನು ತುರುಕತಕ್ಕದ್ದು. ಆಕ್ಷೇಪಣೆ ಇದ್ದಲ್ಲಿ ಮೂರು ದಿನದೊಳಗೆ."

ಹಿಂದೆ ಹಿಂದೆ ನೋಡುತ್ತ ಮನೆಗೆ ಬಂದೆ. ಕಳ್ಳತನ ಮಾಡಿದ ಹಾಗೆ.

ಫೆಬ್ರವರಿ 1

ಉತ್ತರ ಬಂದಿದೆ! ನನ್ನದೇ ಕಾಗದ, ಮೇಲೆಲ್ಲ ಕೆಂಪು ಪೆನ್ಸಿಲ್:

"ಕತ್ತೆ. ಎಂಬತ್ತೈದರ ಬ್ರೇಕು ತೊಂಬತ್ತಾರರ ಮೇಲೆ ಕೂತರೆ ಅದರ ಕಡ್ಡಿ ಕೆಳಗೆ ಇಳಿಯಲ್ಲ. ನೀನು ಬಿದ್ದ ಮೇಲೆ ಸ್ಕೀ ನಿನಗಿಂತ ಮುಂಚೆ ಊರು ಮುಟ್ಟತ್ತೆ. ನೂರಮೂವತ್ತರದ್ದು ತಿರುವಿನಲ್ಲಿ ಹಿಮಕ್ಕೆ ಸಿಕ್ಕಿಕೊಳ್ಳತ್ತೆ. ಆರರಿಂದ ಶುರುವಾಗೋದನ್ನ ಐದಕ್ಕೆ ಇಡೋಕೆ ನಾನು ಮಂತ್ರವಾದಿ ಅಲ್ಲ. ಮೂರನೆಯದು, ನೂರರ ಬ್ರೇಕು, ಅಂಕಿ ಮೂರರಿಂದ ಹನ್ನೊಂದು, ಮುಂದಿನ ಬಾಯಿ ಎತ್ತರ ತಗ್ಗು ಮಾಡಬಹುದು, ರಬ್ಬರ್ ಅಡಿಗೂ ಆಗತ್ತೆ. ಅದನ್ನ ಒಯ್ಯಿ. ಕರಾಕೋಲಿಗೆ ಒಯ್ಯಿ."

'ಕರಾಕೋಲಿಗೆ' ಎಂಬ ಪದಕ್ಕೆ ಎರಡು ಅಡಿಗೆರೆ. ಆದರೆ 'ಕತ್ತೆ' ಎಂದು ಬರೆದಿದ್ದಾರೆ! ಹನ್ನೊಂದು ತಿಂಗಳಿಂದ ಅವರು ನನ್ನನ್ನು ಕತ್ತೆ ಎಂದಿರಲಿಲ್ಲ, ಬರೀ 'ಮಗಳೇ, ಮಗಳೇ'. ಕಾಗದವನ್ನು ಇಲ್ಲಿ ಅಂಟಿಸಿದ್ದೇನೆ. ಅಜ್ಜಿ ಬೋರ್ಸೋಕ್ ಕರಿಯುತ್ತಿದ್ದಾಳೆ. ಬೋರ್ಸೋಕ್ ರೊಟ್ಟಿಯೇ, ಅಲ್ಲವೇ ಎಂಬ ಗಹನ ಪ್ರಶ್ನೆ ಸಮಿತಿಯ ಮುಂದಿದೆ. ಹಿಟ್ಟು, ಹುಳಿ, ಉಪ್ಪು. ಎಣ್ಣೆಯಲ್ಲಿ ಬಿದ್ದ ಮಾತ್ರಕ್ಕೆ ಜಾತಿ ಬದಲಾಗುತ್ತದೆಯೇ? ಇಲ್ಲವೆಂದು ತೀರ್ಮಾನ; ಆದ್ದರಿಂದ ಅದೂ ವರ್ಜ್ಯ. ಲಾಗ್‌ಮನ್ ಶ್ಯಾವಿಗೆಗೆ ಮಾತ್ರ ವಿನಾಯಿತಿ.

ಫೆಬ್ರವರಿ 3

ಎರಡನೇ ದಾಳಿ. ಬೆಳಗಿನ ಬಿಸಿಲಲ್ಲಿ ಬೈಕೆಯ ಗೇಟಿನ ಎದುರೇ ಹಲಗೆ ಕೊಯ್ಯಲು ಬಳಸುವ ಎರಡು ಮರದ ಕುದುರೆ ಇಟ್ಟೆ, ಮೇಲೆ ಏಪ್ರಿಕಾಟ್ ಜೋಡಿ. ಬೂಟನ್ನು ಹಿಮ್ಮಡಿ ಮುಂದಾಗಿ ಇಟ್ಟೆ. ನೆರೆಯ ಬಡಗಿಯ ಡ್ರಿಲ್ ಹಿಡಿದು, ಊರಿಗೆಲ್ಲ ಕೇಳುವ ಹಾಗೆ ಮದುವೆಯ ಹಾಡು ಹಾಡತೊಡಗಿದೆ. ಡ್ರಿಲ್ ಒಂದು ಸಲ ಗುರ್ರ್ ಅಂದಿತು, ಅಷ್ಟೆ. ಕಂಟೇನರಿನ ಬಾಗಿಲು ಧಡಾರ್ ಅಂತ ತೆರೆಯಿತು.

"ನಿಲ್ಸೇ! ನಿಲ್ಸು ಅಂದ್ನಲ್ಲ! ಬೂಟಿನ ಮಧ್ಯದ ಗೆರೆ ಎಲ್ಲಿ, ಸ್ಕೀ ಗೆರೆ ಎಲ್ಲಿ? ಮುಖ ಮುಖ ನೋಡಿಸ್ದೆ ಮದ್ವೆ ಮಾಡ್ತೀಯಾ?"

"ಹುಡುಗ ನಾಚ್ಕೊಂಡಿದಾನೆ, ಬೈಕೆ, ಬೆನ್ನು ತಿರುಗ್ಸಿದಾನೆ."

"ಡ್ರಿಲ್ಲಿನ ಮೊನೆಗೆ ತಡೆ ಕಟ್ಟಿಲ್ಲ! ತಳ ತೂರಿ ಆಚೆ ಬರತ್ತೆ. ಆಮೇಲೆ ಲಾಗ್‌ಮನ್ ಬಸಿಯೋಕೆ ಇಟ್ಕೋ! ಹಳೇ ತೂತಿಂದ ಒಂದು ಬೆರಳು ಜಾಗ ಬಿಡ್ಬೇಕು ಅಂತ ಎಷ್ಟು ಸಲ ಹೇಳಿದೀನಿ, ಹಾಂ? ಕೊಡಿಲ್ಲಿ."

ಡ್ರಿಲ್ ಕಿತ್ತುಕೊಂಡರು. ಬೂಟು ತಿರುಗಿಸಿದರು. ಗೆರೆಗೆ ಗೆರೆ ಕೂಡಿಸಿದರು. ಹೆಬ್ಬೆರಳಿನಿಂದ ಒತ್ತಿ ಅಳೆದರು.

ಆಮೇಲೆ ಕೈ ನಿಂತಿತು. ಡ್ರಿಲ್ಲನ್ನು ಮೆಲ್ಲಗೆ, ಮೊಟ್ಟೆ ಇಟ್ಟ ಹಾಗೆ, ಹಿಮದ ಮೇಲೆ ಇಟ್ಟರು.

"ನೋಡು ಕುಂದುಜ್. ಎಲ್ಲಿ ತಪ್ಪಿದೆ ಅಂತ ಗೊತ್ತಾಗಿದ್ರೆ ತಿದ್ಕೊಳ್ತಿದ್ದೆ. ಆ ಸ್ಪ್ರಿಂಗ್ ಬಿಚ್ಚಿ ನೋಡ್ದೆ, ಸರಿಯಿತ್ತು. ಬಾಯಿ ಅಳೆದೆ, ಸರಿಯಿತ್ತು. ಎಲ್ಲಾ ಸರಿ ಇತ್ತು, ನಿನ್ನ ಕಾಲು ಮಾತ್ರ ಮುರೀತು. ಗೊತ್ತಾಗದ ತಪ್ಪು ಕೈಯಲ್ಲಿ ಇಟ್ಕೊಂಡು ಇನ್ನೊಬ್ಬರ ಮಗೂಗೆ ಹೇಗೆ ಕೂರಿಸ್ಲಿ? ನಗಿಸೋಕೆ ಬರ್ತೀಯ, ಗೊತ್ತು. ಬರ್ಬೇಡ."

ಒಳಗೆ ಹೋದರು. ಬಾಗಿಲು ಸದ್ದಿಲ್ಲದೆ ಮುಚ್ಚಿತು.

ಫೆಬ್ರವರಿ 4

ಸಮಿತಿ ಸೇರಲಿಲ್ಲ.

ಫೆಬ್ರವರಿ 6

ಕೂತರೆ ನಿಲ್ಲಬೇಕು ಅನ್ನಿಸುತ್ತದೆ, ನಿಂತರೆ ನಡೆಯಬೇಕು. ಬೆಳಿಗ್ಗೆಯಿಂದ ಹಿಮ ಸರಿಸಿದೆ: ನಮ್ಮ ಅಂಗಳ, ನೆರೆಯವರ ಅಂಗಳ, ಯಾರದೂ ಅಲ್ಲದ ಓಣಿ. ಅಂಚೆಯವನು ಕೇಳಿದ, "ಯಾರಾದ್ರೂ ಬರ್ತಿದಾರಾ?" ಅಧ್ಯಕ್ಷರು, ಅಂದೆ. ಯಾವ ದೇಶದವರು ಅಂದ. ಏನೂ ಹೊಳೆಯಲಿಲ್ಲ. ನನಗೆ ಏನೂ ಹೊಳೆಯದಿದ್ದದ್ದು ಇದೇ ಮೊದಲು.

ಅಜ್ಜಿ ಚಹಾ ಸುರಿದು ನನ್ನ ಮುಂದೆ ರೊಟ್ಟಿಯ ತುಂಡು ಇಟ್ಟಳು. ನಾನು ಜ್ಯಾಮನ್ನು ಚಮಚದಲ್ಲೇ ತಿಂದೆ.

"ಆಸ್ಪತ್ರೆಯಿಂದ ಬಂದಾಗಿಂದ ನೀನು ರೊಟ್ಟಿ ಮುಟ್ಟಿಲ್ಲ" ಅಂದಳು ಅಜ್ಜಿ. ಕೇಳಿದ್ದಲ್ಲ; ಹೊರಗೆ ಹಿಮ ಬೀಳ್ತಿದೆ ಅನ್ನುವ ಹಾಗೆ ಹೇಳಿದ್ದು.

"ತರಬೇತಿ, ಚೋಂಗ್ ಅಪಾ."

"ಹಾಸಿಗೆ ಮೇಲೆ ಬಿದ್ದಿದ್ದಾಗ್ಲೂ ತರಬೇತಿನಾ?"

ಅಜ್ಜಿ ತುಂಡನ್ನು ಎತ್ತಿ, ಹಣೆಗೆ ಒತ್ತಿಕೊಂಡು, ಬಟ್ಟೆಯಲ್ಲಿ ಸುತ್ತಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 9

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಪೆನ್ಸಿಲ್ ಮೂರು ಸಲ ಮುರಿಯಿತು.

ಅಚ್ಚಿಗೆ ಬೀಳ್ಕೊಡುಗೆ ಭಾಷಣ ಬರೆದುಕೊಂಡು ಹೋಗಿದ್ದೆ, ಮುದ್ರೆ ಸಹಿತ. ವ್ಯಾನು ಬಂದಾಗಿತ್ತು. ಕರಾಕೋಲಿನವನು, ದಪ್ಪ ಮೀಸೆಯ ಒಳ್ಳೆಯ ಮನುಷ್ಯ, ಬಾಗಿಲಲ್ಲಿ ನಿಂತಿದ್ದ. ಅಜ್ರೆತ್ ಹೊರುವುದಕ್ಕೆ ಬಂದಿದ್ದ. ಬೈಕೆ ಅಚ್ಚನ್ನು ಕಂಬಳಿಯಲ್ಲಿ ಸುತ್ತುತ್ತಿದ್ದರು, ಮಗುವಿಗೆ ಸುತ್ತುವ ಹಾಗೆ, ಮೊದಲು ಒಂದು ತುದಿ, ಆಮೇಲೆ ಇನ್ನೊಂದು.

ನಾನು ಕಾಗದ ಬಿಚ್ಚಿ "ಮಾನ್ಯ ಉಕ್ಕಿನ ಮಹಾಶಯರೇ" ಎಂದೆ. ಯಾರೂ ನಗಲಿಲ್ಲ. ಅಷ್ಟರಲ್ಲಿ ಬೈಕೆಯ ಹೆಂಡತಿ ಅನಾರ್‌ಕುಲ್ ಎಜೆ, ಅಂದರೆ ಅನಾರ್‌ಕುಲ್ ಅಕ್ಕ, ತಟ್ಟೆ ಹಿಡಿದು ಬಂದರು.

"ಬಾಗಿಲಿಗೆ ಬಂದು ಹಾಗೇ ಹೋಗೋದಾ? ರೊಟ್ಟಿ ಬಾಯಿಗೆ ಮುಟ್ಸಿ ಹೋಗಿ."

ಕರಾಕೋಲಿನವನು ಮುರಿದು ಬಾಯಿಗೆ ಹಾಕಿಕೊಂಡ. ಅಜ್ರೆತ್ ಎರಡು ತುಂಡು ತೆಗೆದುಕೊಂಡ. ಬೈಕೆ ಕೈ ಒರೆಸಿಕೊಂಡು ಒಂದು ಚೂರು. ತಟ್ಟೆ ನನ್ನ ಮುಂದೆ ಬಂತು. ತೆಗೆದುಕೊಂಡೆ. ಬಿಸಿ ಇತ್ತು. ಎಲ್ಲರೂ ಅಗಿಯುತ್ತಿದ್ದರು. ನಾನು ಹಿಡಿದುಕೊಂಡೇ ನಿಂತಿದ್ದೆ.

"ತಿನ್ನೇ, ವಿಷ ಹಾಕಿಲ್ಲ" ಅಂದ ಅಜ್ರೆತ್.

"ನಾನೇ ತಿರುಗ್ಸಿದ್ದು" ಅಂದೆ.

"ಏನನ್ನ?"

"ತಿರುಪನ್ನ."

ಬೈಕೆ ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ಫಿಟ್ಟರ್ ಕೇಳುವ ಹಾಗೆ ಕೇಳಿದರು, ಒಂದೊಂದಾಗಿ, ತಣ್ಣಗೆ.

"ಯಾವ ಕಾಲು?"

"ಬಲದ್ದು ಮಾತ್ರ. ಎಡದ್ದು ತಿರುಗ್ಸೋಷ್ಟರಲ್ಲಿ ಅಜ್ರೆತ್ ಬಂದ."

"ಮುಂದಿನದಾ, ಹಿಮ್ಮಡಿದಾ?"

"ಮುಂದಿನದು."

"ಎಷ್ಟಕ್ಕೆ?"

"ಎಂಟಕ್ಕೆ."

"ಯಾವುದ್ರಲ್ಲಿ?"

"ಮೂರು ಸೋಮಿನ ನಾಣ್ಯದಲ್ಲಿ." ಜೇಬಿನಿಂದ ತೆಗೆದು ತೋರಿಸಿದೆ.

"ಯಾಕೆ?"

ಇದಕ್ಕೆ ಉತ್ತರ ಅಜ್ರೆತನ ಮುಖದಲ್ಲಿ ಮೊದಲು ಬಂತು. ಅವತ್ತು ಬೆಟ್ಟ ಹತ್ತಿಸುವ ಲಿಫ್ಟಿನ ಹತ್ತಿರ ಅವನು ಅಂದಿದ್ದ: "ಐದಾ? ಚೋಂಗ್ ಅಪಾನ ಹಲ್ಲಿನ ಸೆಟ್ಟೂ ಅದಕ್ಕಿಂತ ಬಿಗಿಯಾಗಿರತ್ತೆ." ಅವನದು ಎಂಟಾಗಿತ್ತು. ಅವನು ನನಗಿಂತ ಮೂವತ್ತು ಕಿಲೋ ಹೆಚ್ಚು.

"ನಾನು ನೋಡಿದಾಗ ಐದಿತ್ತು" ಅಂದರು ಬೈಕೆ.

"ಬಿದ್ಮೇಲೆ ಅಜ್ರೆತ್ ಜಾರುಬಂಡಿ ತರೋಕೆ ಹೋದ. ಅಲ್ಲೇ ಮಲ್ಕೊಂಡು ವಾಪಸ್ ತಿರುಗ್ಸಿದೆ. ಯಾರಿಗೂ ಗೊತ್ತಾಗ್ಬಾರ್ದು ಅಂತ."

"ಆಸ್ಪತ್ರೆಯಲ್ಲಿ ಕೇಳಿದ್ನಲ್ಲ. ತಿರುಪು ಯಾರಾದ್ರೂ ಮುಟ್ಟಿದ್ರಾ ಅಂತ."

"ಕೇಳಿದ್ರಿ."

"ರೊಟ್ಟಿ ಮೇಲೆ ಆಣೆ ಇಟ್ಟೆ ನೀನು."

"ಇಟ್ಟೆ."

ಅನಾರ್‌ಕುಲ್ ಎಜೆ ತಟ್ಟೆಯನ್ನು ಕೆಳಗಿಟ್ಟರು. ಬೈಕೆ ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡರು, ಅಂಗೈ, ಮುಂಗೈ, ಯಾರೋ ಎರವಲು ಒಯ್ದು ವಾಪಸ್ ಕೊಟ್ಟ ಸಾಮಾನಿನ ಹಾಗೆ. ನಂತರ ಹೊರಗೆ ಹೋದರು. ಸೌದೆ ಒಡೆಯುವ ಸದ್ದು ಬಂತು. ಬಹಳ ಹೊತ್ತು ಬಂತು. ಕರಾಕೋಲಿನವನು ಮೀಸೆ ತಿರುವುತ್ತ ನಿಂತಿದ್ದ. ಅಜ್ರೆತ್ ನೆಲ ನೋಡುತ್ತಿದ್ದ.

ಬೈಕೆ ತಿರುಗಿ ಬಂದಾಗ ಮುಖ ಕೆಂಪಗಿತ್ತು. ಕಂಬಳಿ ಬಿಚ್ಚಿ ಅಚ್ಚನ್ನು ಗೋಡೆಗೆ ನೇತುಹಾಕಿದರು. ಅಂಗಿ ಹೊದಿಸಲಿಲ್ಲ. "ಕ್ಷಮಿಸು ತಮ್ಮಾ, ಕೊಡಲ್ಲ" ಅಂದರು ಕರಾಕೋಲಿನವನಿಗೆ. ನನ್ನ ಕಡೆ ನೋಡದೆ ಅಂದರು:

"ಆ ತುಂಡು ಜೇಬಲ್ಲಿಡು. ಬೇಸಿನ ಚಹಾದಂಗಡೀಲಿ, ಎಲ್ಲಾ ಇರೋವಾಗ, ಈಗ ಹೇಳಿದ್ದನ್ನೇ ಹೇಳು. ನಾಟಕ ಮಾಡ್ಬೇಡ. ಆಮೇಲೆ ತಿನ್ನು."

ಫೆಬ್ರವರಿ 10

ಹೇಳಿದೆ. ಬೆಂಚಿನ ಮೇಲೆ ಹತ್ತುವವಳಿದ್ದೆ, ಹತ್ತಲಿಲ್ಲ. ಹದಿನೇಳು ಜನ ಇದ್ದರು. ಊರಿನ ಟ್ರ್ಯಾಕ್ಟರ್ ಓಡಿಸುವ ಮುದುಕನೊಬ್ಬ "ಪಾಪ ಜೊಲೊಚು" ಅಂದ. ನನ್ನನ್ನಲ್ಲ ಪಾಪ ಅಂದದ್ದು. ಸರಿಯೇ.

ಅಜ್ರೆತ್ ನನ್ನ ಪಕ್ಕ ಬಂದು ನಿಂತು, "ರೇಗಿಸಿದ್ದು ನಾನು" ಅಂದ. ಕೇಳದೇ ಇದ್ದರೂ ಅಂದ. ಇನ್ನು ಮೇಲೆ ಅವನು ಕದ್ದ ಕುರುಟ್ ಎಣಿಸುವುದಿಲ್ಲ. (ಒಂದು ವಾರ.)

ಹೊರಗೆ ಬಂದು ಜೇಬಿನ ತುಂಡು ತೆಗೆದೆ. ಕಲ್ಲಾಗಿತ್ತು, ಕೈಗವಸಿನ ನೂಲು ಅಂಟಿಕೊಂಡಿತ್ತು. ತಿಂದೆ. ಗಂಟಲಲ್ಲಿ ನಿಲ್ಲಲಿಲ್ಲ. ಮನೆಗೆ ಹೋಗಿ ಇನ್ನೂ ಮೂರು ತುಂಡು ತಿಂದೆ, ಬೆಣ್ಣೆ ಹಚ್ಚಿ. ಅಜ್ಜಿ ನಾಲ್ಕನೆಯದು ಕೊಯ್ದಳು.

ಫೆಬ್ರವರಿ 11

ಬೈಕೆಯ ಅಂಗಳದಲ್ಲಿ ಹತ್ತು ಜೋಡಿ ಸ್ಕೀಗಳು ಗೋಡೆಗೆ ಒರಗಿವೆ. ಇಡೀ ಊರು ಹನ್ನೊಂದು ತಿಂಗಳ ಸಡಿಲವನ್ನೆಲ್ಲ ಹೊತ್ತು ತಂದಿದೆ. ನಾನೂ ನನ್ನದನ್ನು ತಂದೆ.

"ನಾಳೆ ಪರೀಕ್ಷೆ, ಬೈಕೆ."

"ಸಾಲು ಕಾಣ್ತಿದೆಯಲ್ಲ. ಕೊನೇಲಿ ಇಡು."

ಇಟ್ಟೆ. ಹನ್ನೊಂದನೆಯದು.

ಫೆಬ್ರವರಿ 12

ಪರೀಕ್ಷೆ ಆಯಿತು. ಕೆಳಗಿನ ಹಳ್ಳಿಯ ಒಬ್ಬ ಉದ್ದ ಕಾಲಿನ ಹುಡುಗನನ್ನು ತೆಗೆದುಕೊಂಡರಂತೆ. ನಾನು ಬೈಕೆಯ ಸಮೋವರಿಗೆ ಸೌದೆ ಹಾಕುತ್ತಿದ್ದೆ. ಕಿಟಕಿಗೆ ಒಂದು ಸಲವೂ ಹೋಗಲಿಲ್ಲ ಎಂದು ಈಗ ಬರೆಯುವಾಗ ಗಮನಕ್ಕೆ ಬಂತು.

ಫೆಬ್ರವರಿ 14

ನನ್ನ ಸರದಿ.

ಬೈಕೆ ಅಚ್ಚು ಬಿಗಿದರು, ಡ್ರಿಲ್ಲಿನ ಮೊನೆಗೆ ತಡೆ ಕಟ್ಟಿದರು, ಹಳೆಯ ತೂತುಗಳಿಂದ ಒಂದು ಬೆರಳು ಬಿಟ್ಟು ಕೊರೆದರು, ಅಂಟು ತುಂಬಿದರು, ನೂರರ ಬ್ರೇಕಿನ ಮೂರನೇ ಬೈಂಡಿಂಗ್ ಕೂರಿಸಿದರು. ಬೂಟು ಒಳಗೆ ಕಚ್ಚಿಸಿ, "ಕಾಗದ ಇದೆಯಾ?" ಅಂದರು. ಮಹಾರಾಜರೇ, ತಮ್ಮ ಈ ಪುಟದ ಮೂಲೆ ಇಲ್ಲದಿರುವುದು ಅದಕ್ಕೆ. ಬೂಟಿನ ಅಡಿ ಅದನ್ನು ಎಳೆದು ನೋಡಿದರು. ಸ್ವಲ್ಪ ಹಿಡಿದು, ಹರಿಯದೆ ಬಂತು. "ಹೀಗಿರ್ಬೇಕು" ಅಂದರು.

ಅಂಕಿಗೆ ಒಂದು ಕಾರ್ಡು ತುಂಬಬೇಕು. ತೂಕ, ಎತ್ತರ, ಬೂಟಿನ ಅಡಿಯ ಉದ್ದ.

"ವಯಸ್ಸು?"

"ಪಾಸ್‌ಪೋರ್ಟಿಂದಾ, ಅಜ್ಜಿದಾ?"

"ಮೊಣಕಾಲಿಂದು" ಅಂದರು. ಬಾಯಿಯ ಒಂದು ಕೊನೆ ಮೇಲೆ ಹೋದ ಹಾಗೆ ಕಂಡಿತು. ಪ್ರಮಾಣ ಮಾಡಲಾರೆ. ಇನ್ನು ಪ್ರಮಾಣ ಮಾಡುವುದಿಲ್ಲ.

ಕೊನೆಯ ಪ್ರಶ್ನೆ, ಇಳಿಯುವ ರೀತಿ: ಹುಷಾರಿನವರಿಗೆ ಒಂದು, ನಡುವಿನವರಿಗೆ ಎರಡು, ನುಗ್ಗುವವರಿಗೆ ಮೂರು. ಹಿಂದೆಲ್ಲ ನಾನು ಮೂರಕ್ಕೆ ಜಗಳ ತೆಗೆಯುತ್ತಿದ್ದೆ, ಅವರು ಎರಡಕ್ಕಿಂತ ಮೇಲೆ ಬರೆಯುತ್ತಿರಲಿಲ್ಲ. ಈ ಸಲ ಪೆನ್ಸಿಲನ್ನು ನನ್ನ ಕೈಗೇ ಕೊಟ್ಟರು. ಬರೆದೆ. ನೋಡಿ, ತಿರುಪನ್ನು ನಾಲ್ಕಕ್ಕೆ ತಂದರು. ಆಮೇಲೆ ಅನಾರ್‌ಕುಲ್ ಎಜೆಯ ಕೆಂಪು ಉಗುರುಬಣ್ಣದ ಶೀಸೆ ತರಿಸಿ, ತಿರುಪಿನ ತಲೆಯಿಂದ ಬೈಂಡಿಂಗಿನ ಮೈಮೇಲಕ್ಕೆ ಒಂದು ಸಣ್ಣ ಗೆರೆ ಎಳೆದರು. ಯಾರಾದರೂ ತಿರುಗಿಸಿದರೆ ಗೆರೆ ಒಡೆಯುತ್ತದೆ.

"ಎಲ್ರಿಗೂ ಹಾಕ್ತೀರಾ?"

"ಇನ್ಮೇಲೆ ಎಲ್ರಿಗೂ. ನಿನ್ನಿಂದ ಕಲ್ತಿದ್ದು, ಕತ್ತೆ."

ಮೂರು ಸೋಮಿನ ನಾಣ್ಯವನ್ನು ಅವರು ತಿರುಪುಗಳ ಡಬ್ಬಿಗೆ ಹಾಕಿಕೊಂಡರು. ಆದ್ದರಿಂದ ಇಂದಿನ ಪುಟಕ್ಕೆ ಮುದ್ರೆಯಿಲ್ಲ. ಮುದ್ರೆ ಇಲ್ಲದ ಕಡೆ ಸತ್ಯ ಬರೆಯಬಹುದು ಅಂತ ಕಾಣುತ್ತದೆ. ಬರೆದುಬಿಡುತ್ತೇನೆ.

ಕಾರ್ಡಿನಲ್ಲಿ ನಾನು ಬರೆದದ್ದು ಒಂದು.

ಮತ್ತು ಮಹಾರಾಜರೇ, ವರದಿ ಸಂಖ್ಯೆ ಒಂದು, ಎರಡು, ಮೂರು: ದೋಣಿಯಂತೆ ತೇಲಿದ್ದು, ಚರ್ರ್ ಎಂದು ಸೀಳಿದ್ದು, ಹದಿನಾಲ್ಕು ತಿರುವು, ಯಾವುದೂ ನಡೆದಿಲ್ಲ. ಪ್ರತಿ ಸಲ ಸ್ಕೀ ಹೊತ್ತು ಹಳೆಯ ಗಣಿಯ ಹಿಂದಕ್ಕೆ ಹೋಗಿ, ತುಕ್ಕು ಹಿಡಿದ ಕಲ್ಲಿದ್ದಲು ಗಾಡಿಯ ಮೇಲೆ ಎರಡು ಗಂಟೆ ಕೂತು, ಕುರುಟ್ ಚೀಪಿ ವಾಪಸ್ ಬಂದೆ. ಮಾರ್ಚಿನಿಂದ ನಾನು ಹಿಮದ ಮೇಲೆ ಒಂದು ಮೀಟರೂ ಜಾರಿಲ್ಲ. ಪರೀಕ್ಷೆ ತಪ್ಪಿದಾಗ ಒಳಗೊಳಗೇ ಹಗುರಾಗಿತ್ತು. ತೊಂಬತ್ತಾರರ ಜೋಡಿಯನ್ನು ಅಜ್ಜಿಯ ಕಂಬಳಿಯ ಮೇಲೆ ನಿಂತು ಆರಿಸಿದೆ. ಏಪ್ರಿಕಾಟ್ ಬಣ್ಣ ನನ್ನ ಟೋಪಿಗೆ ಹೊಂದುತ್ತದೆ.